ಅಲ್ಯೂಮಿನಿಯಂ ಕಂಬಕ್ಕೆ ಹಾಕಿದ ಕೊಸರು

ಅಂಕಲಿಯ ನಮ್ಮ ವೆಲ್ಡಿಂಗ್ ಮಿಸ್ತ್ರಿಗೆ ಒಂದು ಧರ್ಮವಿತ್ತು. ಕೇಳಿದಷ್ಟು ಬೆಸುಗೆ ಹಾಕಿದ ಮೇಲೆ, ಕೇಳದೆಯೇ ಇನ್ನೊಂದಿಷ್ಟು ಹಾಕುವುದು. ಸಂತೆಯಲ್ಲಿ ಮೆಣಸಿನಕಾಯಿ ತೂಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಸುರಿಯುತ್ತಾರಲ್ಲ, ಹಾಗೆ ಕೊಸರು. ಗೇಟಿಗೂ ಕೊಸರು, ಟ್ರೇಲರಿಗೂ ಕೊಸರು. ಕಬ್ಬಿಣ ಇಂಥ ಪ್ರೀತಿಯನ್ನು ತಡೆದುಕೊಳ್ಳುತ್ತದೆ.

ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ಅಥಣಿ ಕಡೆಯ ದ್ರಾಕ್ಷಿ ತೋಟದ ಅಕ್ಕಾರೊಬ್ಬರು ಅವನಿಗೆ ಮೊದಲ ಅಲ್ಯೂಮಿನಿಯಂ ಕೆಲಸ ಕೊಟ್ಟರು. ದ್ರಾಕ್ಷಿ ಒಣಗಿಸುವ ಅವರ ಶೆಡ್ಡಿನಲ್ಲಿ ಕಬ್ಬಿಣದ ಕಂಬಗಳು ತುಕ್ಕು ಹಿಡಿದು ಮನೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ಕಲೆ ಬೀಳುತ್ತಿತ್ತು. ಒಂದರ ಮೇಲೊಂದು ಜಾಳಿಗೆಯ ಅಂತಸ್ತುಗಳು. ವರ್ಷದ ಪೂರ್ತಿ ಬೆಳೆ ಅವುಗಳ ಮೇಲೆ. ಕಂಬ ಬಾಗಿದರೆ ಬೆಳೆ ಮಣ್ಣುಪಾಲು, ಮಿಸ್ತ್ರಿಯ ಹೆಸರೂ ಅದರ ಹಿಂದೆಯೇ.

ಅವನು ಹೊಸ ಮಷಿನ್ ತಂದು, ವಾರಗಟ್ಟಲೆ ತುಂಡುಗಳ ಮೇಲೆ ಕೈ ಪಳಗಿಸಿ, ನಾಲ್ಕು ಕಂಬ ಮಾಡಿ ನನ್ನನ್ನು ಕರೆಸಿದ. ನಾನು ಚಿಕ್ಕೋಡಿಯ ಪಾಲಿಟೆಕ್ನಿಕ್ಕೊಂದರಲ್ಲಿ ಪಾಠ ಹೇಳುತ್ತಿದ್ದವನು. ಬೆಸೆದ ಅಲ್ಯೂಮಿನಿಯಂ ಕಂಬಗಳು ಯಾವಾಗ ಬಾಗುತ್ತವೆಂಬ ನಿಯಮಗಳನ್ನು ಸುತ್ತಲಿನ ಐದು ತಾಲ್ಲೂಕಿನಲ್ಲಿ ಪೂರ್ತಿ ಓದಿದ ಏಕೈಕ ಪಾಪಿ ಎಂಬ ಗೌರವ ನನಗಿತ್ತು.

ಕಂಬಗಳು ಬೆಳ್ಳಿಯಂತೆ ಹೊಳೆಯುತ್ತಿದ್ದವು. ಆದರೆ ಪ್ರತಿಯೊಂದರ ನಟ್ಟನಡುವೆ ಸುತ್ತಲೂ ಬೆಸುಗೆಯ ಒಂದು ಉಡಿದಾರ.

“ಇದೇನೋ?”

“ಕೊಸರ್ರೀ ಸರ. ನಡಾ ಗಟ್ಟಿ ಆಗ್ಲಿ ಅಂತ.”

ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ಈ ಲೋಹಕ್ಕೆ ಕಾರ್ಖಾನೆಯಲ್ಲೇ ಹದವಾಗಿ ಕಾಯಿಸಿ ಶಕ್ತಿ ಕೊಟ್ಟಿರುತ್ತಾರೆ. ಬೆಸುಗೆಯ ಬಿಸಿ ಆಚೀಚೆ ಸುಮಾರು ಒಂದೊಂದು ಇಂಚಿನಷ್ಟು ಜಾಗದಲ್ಲಿ ಆ ಶಕ್ತಿಯನ್ನು ಕರಗಿಸಿಬಿಡುತ್ತದೆ. ತೀರ ಸಪೂರ ಕಂಬ ಬೆಸುಗೆಯಿರಲಿ ಬಿಡಲಿ ಬಾಗಿಯೇ ಬಾಗುತ್ತದೆ. ನಮ್ಮವು ಅಷ್ಟು ಸಪೂರವಲ್ಲ, ಮೋಟೂ ಅಲ್ಲ; ಇಂಥವಕ್ಕೆ ನಡು ಮೆತ್ತಗಾದರೆ ಮುಗಿಯಿತು, ಬಾಗುವ ಒತ್ತಡ ಬೀಳುವುದೇ ಅಲ್ಲಿ. ತುದಿಯ ಬೆಸುಗೆಗಾದರೆ ಪುಸ್ತಕದಲ್ಲಿ ಕ್ಷಮೆಯುಂಟು.

“ಹಂಗಾರ ಗ್ರೈಂಡರ್ ಹಚ್ಚಿ ತಗದ ಬಿಡ್ತೇನ್ರಿ.”

“ತಗದ್ರೂ ಹೋದ ಶಕ್ತಿ ವಾಪಸ್ ಬರೂದಿಲ್ಲೋ.”

“ಹೆಚ್ಚಿಗಿ ಹಾಕಿದ್ರ ಕಡಿಮಿ ಆಗೂದು ಯಾವ ನ್ಯಾಯಾರೀ? ಮೊದ್ಲ ಆ ಪುಸ್ತಕ ಬರದವಗ ವೆಲ್ಡಿಂಗ್ ಬರತೈತೇನು ಕೇಳ್ರಿ!”

ಕೆಲಸ ನೋಡಲು ಬಂದಿದ್ದ ಅಕ್ಕಾರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. “ಸಾಕ್ ಮಾಡ್ರಿ ಇಬ್ರೂ. ನನ್ನ ಮನೂಕ ಪುಸ್ತಕದ ಮ್ಯಾಲ ಒಣಗೂದಿಲ್ಲ, ಮಿಸ್ತ್ರಿ ಬಾಯಾಗೂ ಒಣಗೂದಿಲ್ಲ. ಒತ್ತಿ ತೋರಸ್ರಿ.”

ಅಂಗಳದಲ್ಲಿ ಹಳೆಯ ಲಾರಿಯ ಚಾಸಿ ಬಿದ್ದಿತ್ತು. ಅದರ ಉಕ್ಕಿನ ಚೌಕಟ್ಟಿನೊಳಗೆ ಕಂಬ ಮಲಗಿಸಿ, ಒಂದು ತುದಿಯನ್ನು ಅಡ್ಡಪಟ್ಟಿಗೆ ಆನಿಸಿ, ಇನ್ನೊಂದಕ್ಕೆ ಜಾಕ್ ಕೊಟ್ಟೆವು. ಮೊದಲು, ಮೂಲೆಯಲ್ಲಿ ಉಳಿದಿದ್ದ ಅದೇ ಅಳತೆಯ, ನಡುವೆ ಇನ್ನೂ ಬೆಸುಗೆ ಹಾಕಿರದ ಕಂಬ. ಮಿಸ್ತ್ರಿ ಜಾಕ್ ಒತ್ತಿದ, ಒತ್ತಿದ. ಚಾಸಿಯೇ ಕಿರುಗುಟ್ಟಿತು, ಕಂಬ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಉಡಿದಾರದ ಕಂಬ. ಇದೂ ನಿಂತುಬಿಟ್ಟರೆ ಮುಂದೆ ಅಂಕಲಿಯಲ್ಲಿ ನನಗೆ ಚಹಾ ಕೂಡ ಸಿಗುತ್ತಿರಲಿಲ್ಲ. ಮೊದಲಿನ ಅರ್ಧದಷ್ಟೂ ಒತ್ತಿರಲಿಲ್ಲ, ಅದು ಸದ್ದಿಲ್ಲದೆ, ಮಠದಲ್ಲಿ ಸ್ವಾಮಿಗಳಿಗೆ ನಮಸ್ಕರಿಸುವ ಭಕ್ತನಂತೆ, ಸರಿಯಾಗಿ ಉಡಿದಾರದಲ್ಲೇ ಬಾಗಿತು.

ಮಿಸ್ತ್ರಿ ಜಾಕ್ ಬಿಟ್ಟು ಕುಕ್ಕರಗಾಲಲ್ಲಿ ಕುಳಿತ. ಬಾಗಿದ ಜಾಗ ಸವರಿದ. “ಅಲಲಲಾ, ನನ್ನ ಕೈಯಾರೆ ನಾನಽ ಇದರ ಸೊಂಟಾ ಮುರದೆನಲ್ರೀ!” ಎಂದವನೇ ನಗಲು ಶುರುಮಾಡಿದ.

“ನಿನ್ನ ಪ್ರೀತಿ ಭಾಳ ಬಿಸಿ ಆತ ನೋಡು,” ಎಂದರು ಅಕ್ಕಾರು.

ಹೊಸ ಕಂಬಗಳಿಗೆ ಮೇಲೆ ಕೆಳಗೆ ಮಾತ್ರ ಬೆಸುಗೆ. ನಡುವಿನ ಅಂತಸ್ತುಗಳನ್ನು ಪಟ್ಟಿ ಸುತ್ತಿ ನಟ್ಟು ಬೋಲ್ಟಿನಿಂದ ಬಿಗಿದೆವು. ಉಡಿದಾರದ ಕಂಬಗಳನ್ನು ಕತ್ತರಿಸಿ ಮಿಸ್ತ್ರಿ ತನ್ನ ಹೆಂಡತಿಗೆ ಬಟ್ಟೆ ಒಣಹಾಕುವ ಸ್ಟ್ಯಾಂಡ್ ಮಾಡಿಕೊಟ್ಟ.

ದ್ರಾಕ್ಷಿ ಏರಿಸುವ ದಿನ ಮೂವರೂ ಶೆಡ್ಡಿನಲ್ಲಿ ನಿಂತಿದ್ದೆವು. ಹೆಣ್ಣಾಳುಗಳು ಕ್ರೇಟಿನ ಮೇಲೆ ಕ್ರೇಟು ತಂದು ಸುರಿಯುತ್ತಿದ್ದರು. ನಾವು ಯಾರೂ ದ್ರಾಕ್ಷಿಯನ್ನು ನೋಡಲಿಲ್ಲ. ಮಿಸ್ತ್ರಿ ಒಂದು ಕಂಬದ ಪಕ್ಕ ಗಾರೆಯವರ ತೂಗುಗುಂಡಿನ ದಾರ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ಕೂತಿದ್ದ. ಕೊನೆಯ ಅಂತಸ್ತು ತುಂಬಿತು. ದಾರ ನೆಟ್ಟಗಿತ್ತು, ಪಕ್ಕದಲ್ಲಿ ಕಂಬವೂ ನೆಟ್ಟಗಿತ್ತು.

ಮಿಸ್ತ್ರಿ ಎದ್ದು ನಿಂತು ಕೂಗಿದ: “ಇನ್ನೂ ತರ್ರಿ ಯವ್ವಾ, ಇನ್ನೂ ತರ್ರಿ!”

“ಎಲ್ಲಿಂದ ತರೂನೋ,” ಅಂದರು ಅಕ್ಕಾರು, “ತೋಟಾನಽ ಮುಗೀತು!”