ಅಪ್ಪನ ಹೆಸರಿನಲ್ಲಿ ಬಂದ ಅಣಕ

ತಾನು ಬುದ್ಧಿವಂತನಲ್ಲ ಎಂದು ವಿಠ್ಠಲ ಕುಲಕರ್ಣಿ ಮಾಸ್ತರರು ಆಗಾಗ ಹೇಳುತ್ತಾರೆ. ಆ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಪೂರ್ತಿ ಅಲ್ಲಗಳೆಯುವುದೂ ಇಲ್ಲ. ಐವತ್ಮೂರು ವರ್ಷ, ಜಮಖಂಡಿಯಲ್ಲಿ ಮನೆ, ಹಿಪ್ಪರಗಿ ಕಡೆಯ ಒಂದು ಊರಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ. ಇಪ್ಪತ್ತಾರು ವರ್ಷಗಳಿಂದ ಬೆಳಗಿನ ಅದೇ ಬಸ್ಸು. ಕಂಪ್ಯೂಟರನ್ನು ಕೊರೊನಾ ಕಾಲದಲ್ಲಿ ಮಗಳಿಂದ ಕಲಿತರು. ಶಾಲೆಗಳು ತೆರೆದ ಮೇಲೆ ಬೇರೆಯವರು ಅದನ್ನು ಮರೆತರು, ಇವರು ಮರೆಯಲಿಲ್ಲ.

ಕಳೆದ ವರ್ಷ ಒಂಬತ್ತನೆಯ ತರಗತಿಗೆ ‘ನಮ್ಮೂರ ನೀರು’ ಎಂಬ ಕೆಲಸ ಕೊಟ್ಟರು. ಎಲ್ಲ ಮಕ್ಕಳೂ ಮನೆಯ ಮೊಬೈಲಿನಿಂದ ಒಂದೇ ಕಡತದಲ್ಲಿ ಬರೆಯಬೇಕು. ಒಬ್ಬರು ಬರೆದದ್ದು ಆ ಕ್ಷಣವೇ ಎಲ್ಲರಿಗೂ ಕಾಣುತ್ತದೆ. ಪಕ್ಕದಲ್ಲಿ ಅಭಿಪ್ರಾಯ ಬರೆಯಬಹುದು. ಒಬ್ಬರಿಗೆ ನದಿ, ಒಬ್ಬರಿಗೆ ಬ್ಯಾರೇಜು, ಒಬ್ಬರಿಗೆ ಕಬ್ಬಿನ ಕಾಲುವೆ. ಶ್ರೀದೇವಿ ಎಂಬ ಹುಡುಗಿ ಕುರಿಗಳು ಕುಡಿಯುವ ನೀರಿನ ಬಗ್ಗೆ ಬರೆದಳು. ಆಕೆಯ ತಂದೆ ಅಮಸಿದ್ದಪ್ಪ ಕುರಿ ಕಾಯುವವನು, ಬೀರೇಶ್ವರನ ಒಕ್ಕಲು. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಒಂದೂವರೆ ಪುಟ ಬರೆದಿದ್ದಳು.

ಎರಡನೆಯ ದಿನ ಆ ಪುಟದ ಪಕ್ಕದಲ್ಲಿ “ಬ್ಯಾ... ಬ್ಯಾ...” ಎಂಬ ಸಾಲು ಕಾಣಿಸಿತು. ಮಾಸ್ತರರು ನೋಡಿದರು, ನಕ್ಕರು, ಹುಡುಗಾಟವೆಂದು ಬಿಟ್ಟರು. ಅವರು ಮಾಡಿದ ದೊಡ್ಡ ತಪ್ಪು ಇದು. ಮರುದಿನ ಇನ್ನೊಂದು ಸಾಲು: “ಈ ಪುಟಕ್ಕ ಕುರಿ ವಾಸ್ನಿ ಬಡ್ಯಾಕತ್ತೈತಿ, ಮೂಗ ಮುಚ್ಕೊಂಡ ಓದ್ರಿ.” ಅದಕ್ಕೆ ಹನ್ನೊಂದು ಜನ ಮೆಚ್ಚುಗೆಯ ಹೆಬ್ಬೆರಳು ಒತ್ತಿದ್ದರು. ನಾಲ್ಕನೆಯ ದಿನ ಶ್ರೀದೇವಿಯ ಬರಹ ಕಡತದಲ್ಲಿ ಇರಲಿಲ್ಲ, ಪಕ್ಕದ ಸಾಲುಗಳು ಮಾತ್ರ ಉಳಿದಿದ್ದವು. ಶ್ರೀದೇವಿ ಶಾಲೆಗೂ ಬರಲಿಲ್ಲ.

ಮುಖ್ಯೋಪಾಧ್ಯಾಯರು ಸುಲಭದ ಉಪಾಯ ಹೇಳಿದರು. “ಅದನ್ನೆಲ್ಲಾ ಬಂದ್ ಮಾಡ್ರಿ ಕುಲಕರ್ಣಿಯವರ. ಪಾಟಿ ಪೆನ್ಸಿಲ್ ಇದ್ದಾಗ ಈ ರಗಳಿ ಇತ್ತೇನ್ರಿ?”

“ಇತ್ತರಿ ಸರ್. ಗ್ವಾಡಿ ಮ್ಯಾಲ ಇದ್ಲಿಲೆ ಬರೀತಿದ್ರು. ನಾನೂ ಬರ್ದೇನಿ.”

ಮೂರು ದಿನ ಕಾದು, ಶನಿವಾರ ಶಾಲೆ ಬಿಟ್ಟ ಮೇಲೆ ಮಾಸ್ತರರು ತೇರದಾಳ ರಸ್ತೆಯ ಹೊಲಕ್ಕೆ ಹೋದರು. ಕಬ್ಬು ಕಡಿದು ಮುಗಿದ ಆ ಹೊಲದಲ್ಲಿ ಅಮಸಿದ್ದಪ್ಪ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದ.

“ಮಗಳ್ನ ಯಾಕ ಕಳಸವಲ್ಲಿ, ಅಮಸಿದ್ದಪ್ಪ?”

“ಸಾಲಿ ಸಾಕ್ರಿ ಮಾಸ್ತರ. ಬರೂ ವಾರ ಕುರಿ ಹೊಡ್ಕೊಂಡ ಬೀಳಗಿ ಕಡೆ ಹೊಂಟೇವಿ. ಆಕಿನೂ ಬರ್ತಾಳ.”

“ಎರಡ ತಿಂಗಳಿಗೆ ಪರೀಕ್ಷಾ ಐತಿ.”

“ನಮ್ಮ ಪರೀಕ್ಷಾ ಆಗೇತ್ರಿ.” ಅಮಸಿದ್ದಪ್ಪ ಅಂಗಿಯ ಜೇಬಿನಿಂದ ಮೊಬೈಲು ತೆಗೆದು ಮುಂದೆ ಹಿಡಿದ. “ನೋಡ್ರಿ, ಗಂಗಾರಾಮ ಸಾವಕಾರ್ರು ನನಗ ಏನ್ ಬರದಾರ. ಹತ್ತ ವರ್ಷಾತು, ಅವರ ಹೊಲದಾಗ ಕುರಿ ನಿಲ್ಲಸ್ತೇನಿ. ಮಾರಿ ಮ್ಯಾಲ ಅಂದಿದ್ರ ನಡೀತಿತ್ತು. ಊರಿಗೆಲ್ಲಾ ಕಾಣೂವಂಗ ಅಂದಾರ. ಹನ್ನೊಂದ ಮಂದಿ ಹಿರ್ಯಾರು ಹೂಂ ಅಂತ ಬಟ್ಟ ಒತ್ಯಾರ.”

ಮಾಸ್ತರರು ಪರದೆಯನ್ನು ಮೊದಲ ಸಲ ಅವನ ಕಣ್ಣಿನಿಂದ ನೋಡಿದರು. ಮಕ್ಕಳೆಲ್ಲ ಬರೆದದ್ದು ಅಪ್ಪಂದಿರ ಫೋನಿನಲ್ಲಿ. ಫೋನು ಯಾರದೋ, ಕಡತದಲ್ಲಿ ಬೀಳುವ ಹೆಸರೂ ಅವರದೇ. ಗಂಗಾರಾಮ ಎಂದರೆ ಅವರ ಮಗ ದುರಗೇಶ, ಅಮಸಿದ್ದಪ್ಪ ಎಂದರೆ ಶ್ರೀದೇವಿ ಎಂದು ಮಾಸ್ತರರಿಗೆ ಎಷ್ಟು ರೂಢಿಯಾಗಿತ್ತೆಂದರೆ, ಅದನ್ನು ಬೇರೆಯವರು ಹೇಗೆ ಓದಿಯಾರು ಎಂದು ಯೋಚಿಸಿಯೇ ಇರಲಿಲ್ಲ. ಅಣಕಿಸಿದವನೂ ಹೆಬ್ಬೆರಳು ಒತ್ತಿದವರೂ ಒಂಬತ್ತನೆಯ ತರಗತಿಯ ಮಕ್ಕಳು ಎಂದು ಅವರು ವಿವರಿಸಿದರು. ಅಮಸಿದ್ದಪ್ಪ ನಂಬಲಿಲ್ಲ. “ನೀವು ಸಾವಕಾರ್ರನ್ನ ಉಳಸಾಕತ್ತೀರಿ” ಎಂದ.

ಹಿಂದೆ ನಿಂತಿದ್ದ ಶ್ರೀದೇವಿ ಆಗ ಬಾಯಿ ತೆರೆದಳು. “ದುರಗ್ಯಾನ ಬರದಾನಂತ ನಾನೂ ಹೇಳೇನ್ರಿ. ಅಪ್ಪ ಕೇಳವಲ್ಲ.”

“ನಿನ್ನ ಪುಟ ಅಳಸಿದ್ದು ಯಾರವಾ?”

“ನಾನ ಅಳಸೇನ್ರಿ. ದುರಗ್ಯಾ ಒಬ್ನ ಇದ್ದಿದ್ರ ಬೈತಿದ್ನಿ. ಹನ್ನೊಂದ ಮಂದಿಗಿ ಏನ್ ಅನ್ಲಿ?” ಮಾಸ್ತರರತ್ತ ನೋಡಿ ಹೇಳಿದಳು: “ನೀವೂ ನೋಡೀರಿ. ನಿಮ್ಮ ಹೆಸರ ಮ್ಯಾಲ ಬಂದಿತ್ತು, ನೀವು ಪುಟದಾಗ ಇದ್ದದ್ದು ನನಗ ಕಾಣತಿತ್ತು. ಸುಮ್ಕ ಹೋದ್ರಿ.”

ಇದಕ್ಕೆ ಮಾಸ್ತರರು ಸಮಜಾಯಿಷಿ ಕೊಡಲಿಲ್ಲ. “ಖರೆ ಐತಿ” ಎಂದರು. ಅಲ್ಲಿಂದ ನೇರ ಗಂಗಾರಾಮರ ಮನೆಗೆ ನಡೆದರು.

ಗಂಗಾರಾಮರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಚಪ್ಪಲಿ ಕೈಗೆ ತೆಗೆದುಕೊಂಡರು. ಮಾಸ್ತರರು ಅಡ್ಡ ನಿಂತರು: “ಹೊಡದ್ರ ಅಂವ ನಿಮಗ ಅಂಜತಾನ, ಅಷ್ಟ. ನಾಳೆ ಬ್ಯಾರೆ ಫೋನಿನಾಗ ಬರೀತಾನ. ಈಗ ನನ್ನ ಜೋಡಿ ಹೊಲಕ್ಕ ಬರ್ರಿ, ಅಂವನ್ನೂ ಕರ್ಕೊಳ್ರಿ.”

ಹೊತ್ತು ಇಳಿಯುವ ಮೊದಲೇ ಮೂವರೂ ಹೊಲ ತಲುಪಿದರು. ಗಂಗಾರಾಮರು ಚುಟುಕಾಗಿ ಹೇಳಿದರು: “ಅಮಸಿದ್ದಪ್ಪ, ನಾ ಬರದಿಲ್ಲೋ. ಆದರ ಫೋನ್ ನಂದು, ಹೆಸರು ನಂದು. ತಪ್ಪಾತು.”

ದುರಗೇಶ ನೆಲ ನೋಡುತ್ತಿದ್ದ. ಶ್ರೀದೇವಿ ಅವನ ಎದುರಿಗೆ ಬಂದು ನಿಂತಳು. “ಏ ದುರಗ್ಯಾ, ಕುರಿ ನಡುವನ ನಿಂತೀಯಲಾ, ಬರದದ್ದನ್ನ ಈಗ ಬಾಯಿಲೆ ಅನ್ನು.”

“ಒಲ್ಲೆ.”

“ಮತ್ತ ಯಾಕ ಬರದಿ?”

“ಎಲ್ಲಾರೂ ನಗ್ತಾರಂತ.”

ಅವನು ಅಂದು ಆಡಿದ ಪ್ರಾಮಾಣಿಕ ಮಾತು ಅದೊಂದೇ. ಅಮಸಿದ್ದಪ್ಪ ಮಾಸ್ತರರ ಕಡೆ ತಿರುಗಿದ. “ಅಜ್ಜಿ ಕಡೆ ಬಿಟ್ಟ ಹೋಗ್ತೇನ್ರಿ. ಸೋಮವಾರ ಬರ್ತಾಳ. ಇನ್ನೊಮ್ಮಿ ಹಿಂಗಾದ್ರ ನೀವು ನನ್ನ ಹುಡುಕ್ಕೊಂಡ ಬರಬ್ಯಾಡ್ರಿ.”

ಸೋಮವಾರ ಮಾಸ್ತರರು ತರಗತಿಯ ಮುಂದೆ ನಿಂತು, ಮೊದಲ ಸಾಲು ಬಂದಾಗಲೇ ನೋಡಿಯೂ ನಕ್ಕು ಬಿಟ್ಟದ್ದು ತನ್ನ ತಪ್ಪು ಎಂದು ಒಪ್ಪಿಕೊಂಡರು. ದುರಗೇಶನ ಹೆಸರು ಎತ್ತಲಿಲ್ಲ. ಹೆಬ್ಬೆರಳು ಒತ್ತಿದ ಹನ್ನೊಂದು ಜನರಿಗೆ ಮಾತ್ರ, “ನೀವು ಬರದಿಲ್ಲಂತ ಪಾರಾಗೀರಿ ಅನ್ಕೋಬ್ಯಾಡ್ರಿ” ಎಂದರು. ಮರುದಿನ ಪ್ರತಿ ಮಗುವಿಗೂ ಶಾಲೆಯಿಂದ ತನ್ನದೇ ಹೆಸರಿನ ಖಾತೆ ಸಿಕ್ಕಿತು, ಜೊತೆಗೆ ನಿಯಮಗಳೂ ಬಂದವು. ಎದುರಿಗೆ ನಿಂತು ಹೇಳಲಾಗದ ಮಾತನ್ನು ಬರೆಯಬಾರದು. ಅಣಕ ಕಂಡವರು ಅದೇ ದಿನ ತಿಳಿಸಬೇಕು. ತಿಳಿಸಿದ ದಿನವೇ ಮಾಸ್ತರರು ಉತ್ತರ ಕೊಡಬೇಕು. ಸಂಜೆ ಏಳರ ಮೇಲೆ ಕಡತ ಓದಲು ಮಾತ್ರ.

ಮೊದಲ ವಾರ ಯಾರೂ ಒಂದಕ್ಷರ ಬರೆಯಲಿಲ್ಲ. ನಿಯಮಗಳು ಅಣಕದ ಜೊತೆಗೆ ಮಾತನ್ನೂ ಕೊಲ್ಲಬಲ್ಲವು. ಇದನ್ನು ನಾನೂ ಪಾಠ ಮಾಡುತ್ತಿದ್ದ ದಿನಗಳಲ್ಲಿ ಸಾಕಷ್ಟು ಕಂಡಿದ್ದೇನೆ. ಮಾಸ್ತರರು ಆ ಮೌನವನ್ನು ಶಿಸ್ತು ಎಂದು ತಿಳಿಯಲಿಲ್ಲ. ತಾವೇ ಒಬ್ಬೊಬ್ಬರ ಬರಹದ ಪಕ್ಕದಲ್ಲಿ ಒಂದೊಂದು ಪ್ರಶ್ನೆ ಬರೆದರು, ತಿಳಿಯದ್ದನ್ನು ತಿಳಿಯದೆಂದೇ ಬರೆದರು. ಆಮೇಲೆ ಮಕ್ಕಳ ಕೈ ಬಿಚ್ಚಿತು.

ಅಳಿಸಿದ್ದನ್ನು ಹಿಂದಕ್ಕೆ ತರುವ ದಾರಿ ಆ ಕಡತದಲ್ಲಿತ್ತು. ಮಾಸ್ತರರು ತೋರಿಸಿದರು, ಗುಂಡಿ ಒತ್ತಿದ್ದು ಶ್ರೀದೇವಿ. ಒಂದೂವರೆ ಪುಟ ಅವಳದೇ ಹೆಸರಿನಲ್ಲಿ ಮರಳಿತು. ಅಣಕದ ಸಾಲುಗಳನ್ನು ತೆಗೆದಿದ್ದರು; ಎರಡು ವಾರ ಅದರ ಪಕ್ಕದಲ್ಲಿ ಮಾಸ್ತರರ ಪ್ರಶ್ನೆಯೊಂದೇ ಇತ್ತು. ಒಂದು ಗುರುವಾರ ದುರಗೇಶ ಬರೆದ: “ಹೊಳಿ ಹತ್ರ ಇದ್ರೂ ಕುರಿ ನಿಂತ ನೀರ ಯಾಕ ಹುಡುಕತಾವ?”

ಅರ್ಧ ಗಂಟೆಯಲ್ಲಿ ಉತ್ತರ ಬಂತು: “ಹರಿಯೂ ನೀರಿಗೆ ಅಂಜತಾವ. ನಂಬಿಕಿ ಇಲ್ಲಂದ್ರ ರವಿವಾರ ಬಂದ ನೋಡು, ಅಜ್ಜಿ ಕಡೆ ನಾಕ ಕುರಿ ಅದಾವ.”

“ಎಷ್ಟ ಗಂಟೆಕ್ಕ?” ಎಂದು ಅವನು ಕೇಳಿದ್ದ. ಮಾಸ್ತರರು ಆ ಸಾಲುಗಳನ್ನು ತಿದ್ದದೆ ಹಾಗೆಯೇ ಬಿಟ್ಟರು.