ಎಲ್ಲ ಹಾಳೆಗೂ ಕಾಣುವ ಸಾಲು

ಆ ಕಾಲಕ್ಕೆ ವಾರ್ಷಿಕ ಪರೀಕ್ಷೆ ಮುಗಿದ ಮರುದಿನ ನಮಗೆಲ್ಲ ಒಂದೇ ಕೆಲಸ. ಹಳೆಯ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಹರಿದು ಗುಡ್ಡೆ ಹಾಕಬೇಕು, ಹೊಲಿದು ಮುಂದಿನ ವರ್ಷಕ್ಕೆ ರಫ್ ಬುಕ್ ಮಾಡಿಕೊಳ್ಳಬೇಕು. ತುರ್ವಿಹಾಳದಲ್ಲಿ ಇದನ್ನು ಮಾಡದ ಮನೆ ಇರಲಿಲ್ಲ. ನಿಮ್ಮ ಊರಲ್ಲೂ ಇದ್ದಿರಲಿಕ್ಕಿಲ್ಲ. ನನಗೆ ಹಿಂದಿ ನೋಟ್‌ಬುಕ್ಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಖಾಲಿ ಹಾಳೆ ಸಿಗುತ್ತಿದ್ದವು. ಯಾಕೆಂದು ಕೇಳಬೇಡಿ. ಭತ್ತದ ಚೀಲ ಹೊಲಿಯುವ ದಬ್ಬಣ, ಅಪ್ಪ ಮುಚ್ಚಿಟ್ಟ ಸುತಳಿ, ಸೀರೆ ಬಾಕ್ಸಿನ ರಟ್ಟು, ಒಲೆಯ ಮೇಲೆ ಕುದಿಸಿದ ಮೈದಾ ಅಂಟು. ಆ ಅಂಟಿನ ವಾಸನೆಗೆ ನನಗೆ ಯಾವಾಗಲೂ ಹಸಿವಾಗುತ್ತಿತ್ತು. ಬೆರಳಿಗೆ ಹತ್ತಿದ್ದನ್ನು ಅವ್ವ ನೋಡದಾಗ ನೆಕ್ಕಿದ್ದೂ ಉಂಟು.

ನಾನು ಆರನೇ ಇಯತ್ತೆ ಮುಗಿಸಿದ ಆ ಬೇಸಿಗೆಯಲ್ಲಿ ಅವ್ವ ತನಗೂ ಒಂದು ಪುಸ್ತಕ ಕೇಳಿದಳು.

ಅವ್ವ ಮನೆಯಲ್ಲಿ ಕುಪ್ಪಸ ಹೊಲಿಯುತ್ತಿದ್ದಳು. ಹೊಲದ ಅರ್ಧ ಕೆಲಸ, ಮನೆಯ ಪೂರ್ತಿ ಕೆಲಸ ಅವಳದೇ. ನೆನಪಿಡಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆಯುವುದು ಅವಳ ರೂಢಿ. ಕ್ಯಾಲೆಂಡರಿನ ಅಂಚು, ಬೆಂಕಿಪೊಟ್ಟಣ, ಮದುವೆ ಪತ್ರಿಕೆಯ ಬೆನ್ನು, ಏನು ಸಿಕ್ಕರೆ ಅದು. ಬರೆದದ್ದು ಸಕ್ಕರೆ ಡಬ್ಬಿಯಲ್ಲೋ ಸೆರಗಿನ ಗಂಟಿನಲ್ಲೋ ಸೇರುತ್ತಿತ್ತು. ಗಿರಣಿಗೆ ಜೋಳ, ನಾಟಿಯವರಿಗೆ ಹೇಳುವುದು, ನನ್ನ ಜಂಪರಿನ ಗುಂಡಿ, ಹೀಗೆ ಸಾಗಿ ಎಲ್ಲ ಚೀಟಿಗಳ ಕೊನೆಯಲ್ಲಿ ಒಂದೇ ಮಾತು ಇರುತ್ತಿತ್ತು: ಕಿವಿ ತೋರಿಸೋದು.

ಅದು ಗುಟ್ಟೇನಲ್ಲ. ದೀಪಾವಳಿಯಿಂದ ಅವಳ ಬಲಗಿವಿ ಸೋರುತ್ತಿತ್ತು. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟು, ಅರಳೆ ಇಟ್ಟುಕೊಂಡು ಮಿಷನ್ ತುಳಿಯುತ್ತಿದ್ದಳು. ಹತ್ತಿರ ಹೋದರೆ ಒಗ್ಗರಣೆಯಂಥ ವಾಸನೆ. ಮಾತಾಡಿಸಿದವರ ಕಡೆಗೆ ಎಡಗೆನ್ನೆ ತಿರುಗಿಸುವುದು ಬರಬರುತ್ತ ಅವಳಿಗೆ ಚಾಳಿಯಾಗಿಬಿಟ್ಟಿತ್ತು. ಒಂದು ದಿನ ನಾನು ಅವಳ ಬಲಕ್ಕೆ ನಿಂತು ಮೂರ್ನಾಲ್ಕು ಸಲ ಕೂಗಿದೆ. ಅವ್ವ ತಿರುಗಲೇ ಇಲ್ಲ, ದಾರ ಪೋಣಿಸುತ್ತಲೇ ಇದ್ದಳು. ಆವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು.

ಹೀಗಿರುವಾಗ ಸೆರಗಿನ ಗಂಟಿನಲ್ಲಿದ್ದ ಚೀಟಿ ಸೀರೆಯ ಜೊತೆ ಕಾಲುವೆಯಲ್ಲಿ ಒಗೆತಕ್ಕೆ ಹೋಗಿ ಮುದ್ದೆಯಾಯಿತು. ಅವ್ವ ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದಳು.

“ಗಿರಿಜಾ, ನನಗೂ ಒಂದು ಪುಸ್ತಕ ಹೊಲದು ಕೊಡಬೇ. ಚೀಟಿಗಿ ಕೈಯಿಲ್ಲ ಕಾಲಿಲ್ಲ, ಆದ್ರೂ ಎಲ್ಲೆಲ್ಲೋ ಹೋಗಿಬಿಡ್ತಾವ.”

ನಾನು ಹಿಗ್ಗಿ ಹೀರೇಕಾಯಿಯಾದೆ. ಪುಸ್ತಕ ಹೊಲಿದೆ. ಸ್ಕೇಲು ಹಿಡಿದು, ಕೆಂಪು ಪೆನ್ನಿನಿಂದ ಪ್ರತಿ ಹಾಳೆಯಲ್ಲೂ ಅಡ್ಡಗೆರೆ ಎಳೆದು ಮೂರು ಪಾಲು ಮಾಡಿದೆ. ಮೇಲೆ ‘ಲಗೂ ಮಾಡೋದು’, ನಡುವೆ ‘ನಾಳೆ’, ಕೆಳಗೆ ‘ಆದರೆ ಆತು’. ಇಡೀ ಸಿಂಧನೂರು ತಾಲೂಕಿನಲ್ಲಿ ಇಂಥ ಪುಸ್ತಕ ಇರಲಿಕ್ಕಿಲ್ಲ ಎಂದು ನನಗೆ ಗ್ಯಾರಂಟಿ ಇತ್ತು.

ಒಂದು ವಾರ ಕಳೆದಿರಬಹುದು. ಮಧ್ಯಾಹ್ನ ಅಪ್ಪ ಮಂಡಾಳೊಗ್ಗರಣೆಯ ತಟ್ಟೆ ಮುಂದಿಟ್ಟುಕೊಂಡು ಆ ಪುಸ್ತಕ ತಿರುವಿ ಹಾಕಿದ. ಮೇಲಿನ ಪಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಓಣಿಯವರ ಕುಪ್ಪಸ, ನಮ್ಮ ಊಟ, ಎಮ್ಮೆಯ ಹಿಂಡಿ ಎಲ್ಲವೂ ಅಲ್ಲೇ. ಕೆಳಗಿನ ‘ಆದರೆ ಆತು’ ಪಾಲಿನಲ್ಲಿ ಪ್ರತಿ ಹಾಳೆಯಲ್ಲೂ ಕಿವಿ ಒಂದೇ ಕೂತಿತ್ತು.

“ಇದು ನಮ್ಮ ಉಪಕಾಲುವಿ ಆತಲ್ಲಲೇ ಗಿರಿಜಾ,” ಅಂದ ಅಪ್ಪ. “ಮ್ಯಾಲಿನವ್ರು ಕುಡದು ಕುಡದು, ಟೇಲೆಂಡಿಗಿ ಬರಾದ್ರಾಗ ಬರೇ ಕೆಸರು.”

ನಮ್ಮ ಹೊಲ ಇದ್ದದ್ದೇ ಟೇಲೆಂಡಿನಲ್ಲಿ, ಉಪಕಾಲುವೆಯ ಕಟ್ಟಕಡೆಯಲ್ಲಿ. ಕಾಲುವೆ ಸೀಮೆಯವರಿಗೆ ಆ ಪದವನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆ ಬೆಳೆಯ ಕೊನೆಯ ನೀರಿನ ದಿನಗಳು ಬೇರೆ. ಅಪ್ಪ ದಿನಾ ಪಾಳಿಯ ಚಿಂತೆಯಲ್ಲೇ ಇರುತ್ತಿದ್ದ.

ಅವ್ವ ಹೊಲಿಗೆ ನಿಲ್ಲಿಸಿ ಎಡಗಿವಿಯನ್ನು ಈ ಕಡೆಗೆ ಕೊಟ್ಟಳು. “ಟೇಲೆಂಡಿಗಿ ನೀರು ಮುಟ್ಟಬೇಕಂದ್ರ ನೀವೇನ್ ಮಾಡ್ತೀರಿ?”

“ಏನ್ ಮಾಡಾದು. ಮ್ಯಾಲಿನ ತೂಬು ಮುಚ್ಚಿ ಅಲ್ಲೇ ಕಾಯ್ಕೊಂತ ಕೂಡ್ತೀವಿ.”

ಅವ್ವ ಅಪ್ಪನ ಕೈಯಿಂದ ಪುಸ್ತಕ ತೆಗೆದುಕೊಂಡಳು. ಆಮೇಲೆ ಎದ್ದು ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದಳು. ಕೊನೆಯ ಹಾಳೆಯನ್ನು ರಟ್ಟಿನ ಕಡೆಗೆ ಮಡಚಿಟ್ಟು, ಉಳಿದ ಹಾಳೆಗಳ ತಲೆಯನ್ನು ಮೂರು ಬೆರಳಿನಷ್ಟು ಕತ್ತರಿಸತೊಡಗಿದಳು. ನನ್ನ ಕೆಂಪು ಅಕ್ಷರದ ‘ಲಗೂ ಮಾಡೋದು’ ಒಂದೊಂದಾಗಿ ನೆಲಕ್ಕೆ ಬಿದ್ದವು.

“ಯವ್ವಾ, ಹಾಳಿ! ಹಾಳಿ ಹಾಳಾದ್ವು!” ನಾನು ಅಳುವುದೊಂದು ಬಾಕಿ.

“ತಡಿಯಬೇ. ತೂಬು ಮುಚ್ಚಿದ್ರ ಯಾರರ ಬಂದು ಮತ್ತ ತೆಗೀತಾರ. ಕತ್ತರಿಸೇ ಬಿಡಬೇಕು.”

ಕತ್ತರಿಸಿ ಮುಗಿಸಿ ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟಳು. ನಾನು ಮುನಿಸಿನಿಂದಲೇ ಮೊದಲ ಹಾಳೆ ತೆರೆದೆ. ಹಾಳೆ ಗಿಡ್ಡವಾಗಿತ್ತು, ಅದರ ತಲೆಯ ಮೇಲೆ, ಎಲ್ಲಕ್ಕಿಂತ ಹಿಂದಿದ್ದ ಉದ್ದನೆಯ ಹಾಳೆಯ ಪಟ್ಟಿ ಇಣುಕುತ್ತಿತ್ತು. ಎರಡನೆಯ ಹಾಳೆ ತಿರುವಿದೆ, ಮೇಲೆ ಅದೇ ಪಟ್ಟಿ. ನಡುವೆ ಎಲ್ಲೋ ತೆರೆದೆ, ಅಲ್ಲೂ ಅದೇ. ಯಾವ ದಿನದ ಹಾಳೆ ತೆಗೆದರೂ ಕಟ್ಟಕಡೆಯ ಹಾಳೆಯೇ ಎಲ್ಲದರ ಮೇಲೆ! ಗಣಿತದಲ್ಲಿ ಎಷ್ಟೋ ಲೆಕ್ಕ ಬಿಡಿಸಿದ್ದೆ. ಒಂದು ವಿಚಾರ ಕಣ್ಣೆದುರಿಗೇ ಹುಟ್ಟುವುದನ್ನು ನೋಡಿದ್ದು ಅದೇ ಮೊದಲು. ಹುಟ್ಟಿಸಿದವಳು ಸೆರಗಿಗೆ ಅಂಟಿದ ದಾರದ ತುಣುಕು ಕೊಡವಿಕೊಳ್ಳುತ್ತಿದ್ದಳು. ದಿನಾ ಅನ್ನ ಹಾಕುವ ಈಕೆ ಯಾರು ಅನ್ನಿಸಿಬಿಟ್ಟಿತು.

“ಈ ಪಟ್ಟಿ ಮ್ಯಾಗ ಏನ್ ಬರೀಲಿಬೇ?” ಎಂದು ಕೇಳಿದೆ.

ಅಪ್ಪನೇ ಅಂದ, “ಕಿವಿ ಬರಿ.”

“ಈಗ ಬ್ಯಾಡ್ರಿ, ನೀರಿನ ಪಾಳಿ ಮುಗೀಲಿ,” ಅಂದಳು ಅವ್ವ. ಅಷ್ಟರಲ್ಲಿ ನಾನು ದಪ್ಪ ಅಕ್ಷರದಲ್ಲಿ ಬರೆದುಬಿಟ್ಟಿದ್ದೆ.

ಬುದ್ಧಿವಂತೆ ಪುಸ್ತಕ ಮಾಡಿದಳೇ ಹೊರತು ಅದರ ಮಾತು ತಕ್ಷಣ ಕೇಳಲಿಲ್ಲ. ಕುಪ್ಪಸದ ಅಳತೆ ಬರೆಯುವಾಗ ಆ ಪಟ್ಟಿ ಕಾಣದಂತೆ ಅದರ ಮೇಲೆ ಟೇಪು ಇಡುತ್ತಿದ್ದಳು. ಆದರೆ ಪುಸ್ತಕ ಅವಳ ಜೊತೆ ಕಿರಾಣಿ ಅಂಗಡಿಗೂ ಹೋಗಬೇಕು, ಹೊಲಕ್ಕೂ ಹೋಗಬೇಕು. ಕುಪ್ಪಸ ಒಯ್ಯಲು ಬಂದ ಪಕ್ಕದ ಮನೆಯ ಶರಣಮ್ಮತ್ತಿ ಅದನ್ನು ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದಳು. “ಕಿ-ವಿ ತೋ-ರಿ-ಸೋದು. ಅಯ್ಯ, ಇನ್ನಾ ತೋರ್ಸಿಲ್ಲೇನಬೇ ನೀನು?” ಎರಡು ದಿನ ಬಿಟ್ಟು ಬಂದಳು, ಮತ್ತೆ ಓದಿದಳು. ಅಂಗಡಿಯವರೂ ಬೆಲ್ಲ ತೂಗುತ್ತ, “ಅಕ್ಕಾರ, ಕಿವಿ ಏನಾತ್ರೀ?” ಅಂದರು. ಮನೆಗೆ ಬಂದ ಅವ್ವ ಚೀಲವನ್ನು ನೆಲಕ್ಕೆ ಕುಕ್ಕಿದಳು. “ಊರೆಲ್ಲಾ ನನ್ನ ಕಿವಿ ಹಿಡಿಯಾಕತ್ಯಾರ!”

ಅಪ್ಪ ನಕ್ಕ. ಆದರೆ ಮರುದಿನ ಅವನು ಮಾಡಿದ ಕೆಲಸವನ್ನು ಕಾಲುವೆಯ ಕೊನೆಯಲ್ಲಿ ಹೊಲವಿದ್ದವರು ಸುಲಭಕ್ಕೆ ಮಾಡುವುದಿಲ್ಲ. ತೂಬು ಕಾಯುವುದನ್ನು ಶರಣಮ್ಮತ್ತಿಯ ಗಂಡನಿಗೆ ಒಪ್ಪಿಸಿ, ತಾನು ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತ. “ನಡಿ, ಸಿಂಧನೂರು ಬಸ್ ಬರಾ ಹೊತ್ತಾತು. ಇವತ್ತಿನ ಪಾಳಿ ನಿಂದು.”

ಕಿವಿಯ ಡಾಕ್ಟರು ಬೈದೇ ಬೈದರಂತೆ. ತಮಟೆ ತೂತಾಗಿದೆ, ಈ ಮಳೆಗಾಲ ದಾಟಿದ್ದರೆ ಕಿವಿ ನಿಮ್ಮದಲ್ಲ ಅಂದರಂತೆ. ಎಣ್ಣೆ ಬಂದ್, ನೀರು ತಾಕಿಸುವುದು ಬಂದ್. ಹನಿ, ಗುಳಿಗೆ, ಆಮೇಲೆ ಶ್ರಾವಣದ ಹೊತ್ತಿಗೆ ರಾಯಚೂರಿನಲ್ಲಿ ಒಂದು ಸಣ್ಣ ಆಪರೇಷನ್ನೂ ಆಯಿತು.

ಅದಾಗಿ ಕೆಲವು ವಾರಗಳ ನಂತರ, ಅವ್ವ ಮಿಷನ್ನಿನ ಮುಂದೆ ಕೂತಿದ್ದಾಗ ನಾನು ಅವಳ ಬಲಕ್ಕೆ ಹೋಗಿ ನಿಂತೆ. ಕೂಗಲು ಧೈರ್ಯವಾಗಲಿಲ್ಲ. ತೀರ ಮೆಲ್ಲಗೆ “ಯವ್ವಾ” ಅಂದೆ.

“ಏನಬೇ?” ಅಂದಳು, ತಲೆ ಎತ್ತದೆ.

ಅಷ್ಟೇ. ನಾನು ಹಿತ್ತಲಿಗೆ ಓಡಿಹೋಗಿ ಅತ್ತೆ. ಪಟ್ಟಿಯ ಮೇಲಿನ ಸಾಲಿಗೆ ಅಪ್ಪ ತನ್ನ ಕೈಯಾರೆ ಗೆರೆ ಎಳೆದ. ಅದರ ಕೆಳಗೆ ಅವ್ವ ಬರೆದದ್ದು ಅಪ್ಪನ ಹುಳುಕು ಹಲ್ಲು. ಶರಣಮ್ಮತ್ತಿ ಅದನ್ನೂ ಓದಿದಳು.

ಈಗ ನಾನು ಲಿಂಗಸುಗೂರಿನಲ್ಲಿ ನೌಕರಿ ಮಾಡುತ್ತೇನೆ. ಅಪ್ಪನಿಲ್ಲ, ಅವ್ವನೂ ಹೋಗಿ ಕೆಲವು ವರ್ಷಗಳಾದವು. ಕೊನೆಯವರೆಗೂ ಅವಳಿಗೆ ಎರಡೂ ಕಿವಿ ಚುರುಕಾಗಿದ್ದವು. ಬೆಲೆಬಾಳುವ ಡೈರಿಗಳನ್ನು ಕೊಂಡಿದ್ದೇನೆ, ಯಾವುದು ಮುಖ್ಯ ಯಾವುದು ಅಲ್ಲ ಎಂದು ಅಚ್ಚು ಹಾಕಿಸಿಯೇ ಮಾರುತ್ತಾರೆ. ಒಂದೂ ಯುಗಾದಿ ದಾಟಲಿಲ್ಲ. ಈಗ ಎಲ್ಲವನ್ನೂ ಫೋನಿನಲ್ಲೇ ಬರೆದಿಡುತ್ತೇನೆ. ಅದು ಒಳ್ಳೆಯದೇ, ಏನೂ ಕಳೆಯುವುದಿಲ್ಲ, ಕಾಲುವೆ ನೀರಿಗೆ ಬೀಳುವುದಿಲ್ಲ. ಹೊತ್ತಿಗೆ ಸರಿಯಾಗಿ ಗಂಟೆ ಹೊಡೆಯುತ್ತದೆ, ನಾನು ಅದರ ಬಾಯಿ ಮುಚ್ಚಿಸುತ್ತೇನೆ.

ಎದೆಯಲ್ಲಿ ಆಗಾಗ ಒಂದು ನೋವು ಬಂದು ಹೋಗುತ್ತದೆ. ತೋರಿಸಬೇಕು ಎಂದು ಬರೆದಿಟ್ಟು ಬಹಳ ದಿನಗಳಾದವು. ನನ್ನ ಗಂಡ ಒಳ್ಳೆಯವರು, ಮಗಳು ಜಾಣೆ. ಗೊತ್ತಾದರೆ ಇವತ್ತೇ ಎಬ್ಬಿಸಿಕೊಂಡು ಹೋಗುತ್ತಾರೆ. ಆದರೆ ಆ ಫೋನು ತೆರೆಯುವುದು ನನ್ನ ಬೆರಳಿಗೆ ಮಾತ್ರ.