ಹಂಡೆಯ ಮೊದಲ ತಂಬಿಗೆ ನೀರು

ನನ್ನ ಸ್ನಾನಕ್ಕೆಂದು ಕಾಯಿಸಿದ್ದ ಹಂಡೆಯಿಂದ ಮೊದಲ ತಂಬಿಗೆ ಬಿಸಿನೀರನ್ನು ನಮ್ಮವರು ಕಾರಿನ ಹತ್ತಿರ ಒಯ್ಯುತ್ತಿದ್ದರು. ಹತ್ತಿಕಟ್ಟಿಗೆಯ ಹೊಗೆ ಕುಡಿದು ಒಲೆ ಉರಿಸಿದವಳು ನಾನು! "ಇದೇನ್ರೀ?" ಎಂದೆ.

"ತಡೀ ಲೇ, ಆಕಿಗೆ ಥಂಡಿ ಹತ್ತೈತಿ," ಎಂದರು.

ತುಕ್ಕು ಹಿಡಿದ ಆ ಹಳೆಯ ಕಾರು 'ಆಕಿ'. ನಾನು ಮಾತ್ರ 'ಲೇ'.

ಬಾನೆಟ್ ಎತ್ತಿದರು. ಟವೆಲನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಕಾರ್ಬುರೇಟರಿನಿಂದ ಎಂಜಿನ್ನಿಗೆ ಹೋಗುವ ಮ್ಯಾನಿಫೋಲ್ಡ್ ಕೊಳವೆಗೆ ಬಾಣಂತಿಗೆ ಕಟ್ಟುವಷ್ಟು ಜತನದಿಂದ ಸುತ್ತಿದರು. ಧನುರ್ಮಾಸದ ಚಳಿಗೆ ಅದರೊಳಗೆ ಪೆಟ್ರೋಲ್ ಆವಿಯಾಗುವುದಿಲ್ಲವಂತೆ, ಎಂಜಿನ್ ಕೆಮ್ಮಿ ಕೆಮ್ಮಿ ನಿಂತುಬಿಡುತ್ತದಂತೆ. ವಾರದಿಂದ ನಾನೂ ಕೆಮ್ಮುತ್ತಿದ್ದೆ. ನನಗೆ ಸಿಕ್ಕಿದ್ದು ಮೆಡಿಕಲ್ ಶಾಪಿನ ದಾರಿ.

ಟವೆಲ್ ತೆಗೆದು ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್! ನಮ್ಮ ಮದುವೆಯಲ್ಲೂ ಅವರ ಮುಖ ಅಷ್ಟು ಅರಳಿರಲಿಲ್ಲ. ಕುರುಗೋಡಿನಿಂದ ಸಿರುಗುಪ್ಪದ ಅಕ್ಕಿ ಗಿರಣಿಯ ಕೆಲಸಕ್ಕೆ ಹೊರಟೇಬಿಟ್ಟರು.

ಕಂಪೌಂಡ್ ಗೋಡೆಯ ಮೇಲೆ ಬಿಟ್ಟುಹೋದ ಟವೆಲ್ ಇನ್ನೂ ಬೆಚ್ಚಗಿತ್ತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಎದೆಗೆ ಒತ್ತಿಕೊಂಡೆ. ಪೆಟ್ರೋಲ್ ಘಾಟು ಮೂಗಿಗೆ ಹೊಡೆಯಿತು. ಸವತಿಯ ವಾಸನೆ ಹೀಗೇ ಇರುತ್ತದೇನೋ.

ಈಗ ದಿನಾ ಬೆಳಿಗ್ಗೆ ಆ ಟವೆಲ್ ಹಿಂಡಿ ಸುತ್ತುವವಳು ನಾನೇ. "ನಮ್ಮ ಮನಿಯಾಕಿ ಭಾಳ ಒಳ್ಳೇಕಿ" ಎಂದು ನಮ್ಮವರು ಗಿರಣಿಯಲ್ಲಿ ಹೇಳಿಕೊಳ್ಳುತ್ತಾರಂತೆ. ಒಳ್ಳೆಯತನ ಏನೂ ಇಲ್ಲ. ಅವರಿಬ್ಬರನ್ನೇ ಒಟ್ಟಿಗೆ ಬಿಡಲು ನನಗೆ ಮನಸ್ಸಿಲ್ಲ, ಅಷ್ಟೇ.